ಪುಕ್ಕಟೆ ಕೆಡವಿ ಕೊಡ್ತೀವಿ! (ಹಳೇ ಮನೆ ಸರಣಿ, ಭಾಗ 7)

ಮಲೆನಾಡಲ್ಲಿ ಈಗ ಖಾಲಿ ಬಿದ್ದ ಕೊಟ್ಟಿಗೆ ಕಂಡ್ರೆ ಸಾಕು, ಯಾರಾದ್ರೂ ಒಬ್ಬ ಕಂಟ್ರಾಕ್ಟರ್ ಬಂದು ಅಂಗಳದಲ್ಲಿ ನಿಲ್ತಾನೆ. "ಒಂದು ರೂಪಾಯಿ ಕೊಡ್ಬೇಡಿ ಅಮ್ಮಾ. ನಾವೇ ಕೆಡವ್ತೀವಿ, ಸಾಮಾನು ನಮಗೆ, ಜಾಗ ಕ್ಲೀನ್ ಮಾಡ್ಕೊಡ್ತೀವಿ." ದನ ಮಾರಿಯಾಗಿದೆ, ಮಕ್ಕಳು ಬೆಂಗಳೂರಲ್ಲಿ, ಮಾಡು ಸೋರ್ತಿದೆ. ಯಾರು ಬೇಡ ಅಂತಾರೆ?

ನಾನು ಅಂತೀನಿ. ಅದು ಪುಕ್ಕಟೆ ಅಲ್ಲ ಮಾರಾಯ್ರೇ. ನಿಮ್ಮ ಮೋಪನ್ನ ಅಳತೆಯೇ ಇಲ್ಲದೆ ಎತ್ಕೊಂಡು ಹೋಗೋದು, ಮೇಲೆ ನಿಮಗೇ ಉಪಕಾರ ಮಾಡಿದ ಹೆಸರು.

ಎರಡನೇ ಫೋಟೋ ನೋಡಿ. ಹಲಸಿನ ಕಂಬ. ಎಂಟು ಇಂಚಿಗೆ ಎಂಟು ಇಂಚು, 9 ಅಡಿ ಎತ್ತರ. 8ನ್ನು 8ರಿಂದ ಗುಣಿಸಿ, ಮತ್ತೆ 9ರಿಂದ ಗುಣಿಸಿ, 144ರಿಂದ ಭಾಗಿಸಿ. 4 ಘನ ಅಡಿ. ಅಂಥ ಕಂಬ 12 ಇದ್ರೆ ಬರೀ ಕಂಬದಲ್ಲೇ 48 ಘನ ಅಡಿ. ತೊಲೆ, ಜಂತೆ, ಅಟ್ಟದ ಹಲಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹತ್ತಿರದ ಸಾಮಿಲ್ಲಿಗೆ ಹೋಗಿ ಒಣಗಿದ ಹಲಸಿನ ರೇಟು ಕೇಳ್ಕೊಂಡು ಬನ್ನಿ, ಆಮೇಲೆ ಪುಕ್ಕಟೆ ಮಾತಾಡೋಣ. ಇದೇ ಕಂಬ ನಾಳೆ ಪಾಲಿಶ್ ಹೊಡೆಸ್ಕೊಂಡು ಯಾವುದೋ ಹೋಂಸ್ಟೇ ಜಗಲಿಯಲ್ಲಿ ನಿಂತಿರುತ್ತೆ.

ಹೆಂಚೂ ಅಷ್ಟೇ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನಿಮ್ಮ ಮಾಡಿನ ಹೆಂಚು ಮಗುಚಿ ನೋಡಿ, ಕಾರ್ಖಾನೆಯ ಅಚ್ಚು ಇರುತ್ತೆ. ಒಡೆಯದೆ ಇಳಿಸಿದ್ರೆ ಇನ್ನೊಂದು ಮಾಡಿಗೆ ಆಗುತ್ತೆ. ಜೆಸಿಬಿ ಮೂತಿ ತಾಗಿಸಿದ್ರೆ ಜಲ್ಲಿ.

ಕಂಟ್ರಾಕ್ಟರ್ ಎಲ್ಲಾ ಕಳ್ಳರು ಅಂತ ನಾನು ಹೇಳ್ತಿಲ್ಲ. ಕೂಲಿ, ಲಾರಿ, ಡೀಸೆಲ್ಲು ಅವರ ತಲೆ ಮೇಲಿದೆ. ಹಾಗಾದ್ರೆ ಎರಡು ಲೆಕ್ಕ ಬೇರೆ ಬೇರೆ ಬರೀಲಿ: ಕೆಡವೋ ಖರ್ಚು ಇಷ್ಟು, ಮೋಪಿನ ಬೆಲೆ ಇಷ್ಟು. ಬರೆಯೋಕೆ ಒಪ್ಪದವನಿಗೆ ಅಂಗಳದಿಂದಲೇ ಕೈ ಮುಗಿದು ಕಳಿಸಿ.

ಪಕ್ಕದೂರಿನ ದೊಡ್ಡಮ್ಮನ ಹತ್ರ ಬಂದವನು ಏನನ್ನೂ ಬರೀಲಿಲ್ಲ. ಮೊದಲ ದಿನವೇ ಒಳ್ಳೇ ಮೋಪೆಲ್ಲ ಲಾರಿ ಹತ್ತಿತು. ಕೆಂಪುಕಲ್ಲು, ಮಣ್ಣು, ಒಡಕು ಹೆಂಚು, ಸಿಮೆಂಟ್ ಶೀಟಿನ ಚೂರು ಎಲ್ಲಾ ಬಾವಿಕಟ್ಟೆ ತನಕ ಹರಡಿ ಬಿದ್ದಿತ್ತು. "ನಾಳೆ ಬರ್ತೀವಿ" ಅಂದ ಲಾರಿ ಮತ್ತೆ ಬರಲಿಲ್ಲ. ಆ ರಾಶಿ ಸಾಗಿಸೋಕೆ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟಿದ್ದು ದೊಡ್ಡಮ್ಮನ ಪೆನ್ಶನ್ ದುಡ್ಡಿಂದ. ಕ್ಲೀನ್ ಅಂದ್ರೆ ಇದು.

ಇನ್ನು ಮಾಡು ಹತ್ತೋ ಹುಡುಗರು. ಬರಿಗಾಲು, ಹಗ್ಗ ಇಲ್ಲ, ಹೆಲ್ಮೆಟ್ ಇಲ್ಲ. ಕೆಳಗೆ ಹುಳ ತಿಂದ ಪಕಾಸಿ, ಪಕ್ಕದಲ್ಲಿ ಮಣ್ಣಲ್ಲಿ ಕಟ್ಟಿದ ಗೋಡೆ. ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲಿ. ಬಿದ್ದವನ ಆಸ್ಪತ್ರೆ ಖರ್ಚು ಯಾರದ್ದು ಅಂತ ಕೇಳಿದ್ರೆ "ಏನೂ ಆಗಲ್ಲ ಬಿಡಿ ಸಾರ್" ಅಂತಾನೆ. ಅದನ್ನೂ ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿ.

ಬೀಟೆ, ತೇಗ ಇದ್ರೆ ಲಾರಿ ಹತ್ತಿಸೋ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಪರ್ಮಿಟ್ ವಿಚಾರಿಸಿ.

ಕರಾರು ಪತ್ರದ ಮಾದರಿ ಕೊನೇ ಫೋಟೋದಲ್ಲಿದೆ. ಸೇವ್ ಮಾಡ್ಕೊಳ್ಳಿ, ಊರಲ್ಲಿರೋ ಅಪ್ಪ ಅಮ್ಮಂಗೆ ಇವತ್ತೇ ಕಳಿಸಿ.

#ಹಳೇಮನೆ #ಕೊಟ್ಟಿಗೆ #ಮಲೆನಾಡು