ಹೆಸರು ಮರೆತ ಚಿತ್ರಕ್ಕೂ ಒಂದು ವಿಳಾಸ ಬೇಕು

ಸಿನಿಮಾ ನೋಡಲು ಕೂತ ಮಗು ಟೈಟಲ್ ಕಾರ್ಡು ಓದುವುದಿಲ್ಲ. ನಿರ್ದೇಶಕರು ಯಾರು, ಯಾವ ದೇಶದ್ದು, ಯಾವ ವರ್ಷದ್ದು ಎಂಬುದು ಅದಕ್ಕೆ ಬೇಡ. ಮನಸ್ಸಿಗೆ ಇಳಿಯುವುದು ಒಂದು ದೃಶ್ಯ, ಒಂದು ದನಿ, ಕೆಲವೊಮ್ಮೆ ಒಂದು ಭಯ. ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ ಅದೇ ಮಗು ದೊಡ್ಡವರಾಗಿ ಆ ಚಿತ್ರವನ್ನು ಹುಡುಕಲು ಹೊರಟರೆ ಕೈಯಲ್ಲಿ ಉಳಿದಿರುವುದೂ ಅಷ್ಟೇ. ಹೀಗೆ ಹುಡುಕುವವರು ಈಗ ಬಹಳ ಮಂದಿ ಇದ್ದಾರೆ. ಇದನ್ನು ಹಳೆಯದಕ್ಕೆ ಹಂಬಲಿಸುವವರ ಕಾಲಹರಣ ಎಂದು ತಳ್ಳಿಹಾಕುವುದು ತಪ್ಪು. ಮಕ್ಕಳ ಚಿತ್ರಗಳ ಮಟ್ಟಿಗೆ ನೋಡಿದವರ ನೆನಪೂ ಒಂದು ದಾಖಲೆ. ಆ ನೆನಪಿನ ತುದಿ ಹಿಡಿದು ಚಿತ್ರವನ್ನು ತಲುಪುವ ದಾರಿ ನಮ್ಮ ಸಂಗ್ರಹಾಲಯಗಳಲ್ಲಿ ಇಲ್ಲದಿರುವುದೇ ನಿಜವಾದ ಕೊರತೆ.

ಜರ್ಮನಿಯ ಒಂದು ಚಿತ್ರ ಇದಕ್ಕೆ ಒಳ್ಳೆಯ ಸಾಕ್ಷಿ. ಹಿಂದಿನ ಪೂರ್ವ ಜರ್ಮನಿಯ ಸರ್ಕಾರಿ ಚಿತ್ರಸಂಸ್ಥೆ ಡೆಫಾ 1957ರಲ್ಲಿ ಬಾಬೆಲ್ಸ್‌ಬರ್ಗ್ ಸ್ಟುಡಿಯೊದಲ್ಲಿ ‘ದಾಸ್ ಸಿಂಗೆಂಡೆ, ಕ್ಲಿಂಗೆಂಡೆ ಬಾಯ್ಮ್‌ಶೆನ್’ ಎಂಬ ಚಿತ್ರ ತಯಾರಿಸಿತು. ಹಾಡುವ, ನಾದ ಹೊಮ್ಮಿಸುವ ಪುಟ್ಟ ಮರ ಎಂದು ಅದರ ಅರ್ಥ. ನಿರ್ದೇಶಕ ಫ್ರಾನ್ಸೆಸ್ಕೊ ಸ್ಟೆಫಾನಿ. ಸೊಕ್ಕಿನ ರಾಜಕುಮಾರಿ, ಅವಳು ಬಯಸಿದ ಮರ ತರಲು ಹೋಗಿ ಕರಡಿಯಾಗಿಬಿಡುವ ರಾಜಕುಮಾರ, ಕೇಡು ಬಗೆಯುವ ಒಬ್ಬ ಕುಳ್ಳ, ಹೆಪ್ಪುಗಟ್ಟಿದ ಕೊಳದಲ್ಲಿ ಸಿಕ್ಕಿಕೊಂಡ ಒಂದು ದೈತ್ಯ ಮೀನು. ಬಂಡೆ, ಕಾಡು, ಕೊಳ ಎಲ್ಲವೂ ಸ್ಟುಡಿಯೊದೊಳಗೆ ಕಟ್ಟಿದ್ದು. ಕನಸಿನ ಲೋಕದಂಥ ಆ ವಿಚಿತ್ರ ಕಳೆ ಬಂದದ್ದೇ ಅದರಿಂದ. 1964ರಲ್ಲಿ ಬಿಬಿಸಿ ಇದನ್ನು ಮೂರು ಕಂತು ಮಾಡಿ ಮಕ್ಕಳಿಗೆ ತೋರಿಸಿತು. ಹಿನ್ನೆಲೆಯಲ್ಲಿ ಜರ್ಮನ್ ಮಾತು ಹಾಗೇ ಕೇಳುತ್ತಿತ್ತು, ಮೇಲೊಬ್ಬರು ಇಂಗ್ಲಿಷಿನಲ್ಲಿ ಕತೆ ಹೇಳುತ್ತಿದ್ದರು. ಮೂಲ ಚಿತ್ರ ಬಣ್ಣದ್ದು. ಬ್ರಿಟನ್ನಿನ ಮನೆಗಳನ್ನು ತಲುಪಿದ್ದು ಕಪ್ಪುಬಿಳುಪಿನಲ್ಲಿ. ಮುಂದೆ ಮತ್ತೆ ಮತ್ತೆ ಪ್ರಸಾರವಾದ ಈ ಚಿತ್ರವನ್ನು ಒಂದಿಡೀ ತಲೆಮಾರು ಹೆಸರಿಲ್ಲದ ಭಯವಾಗಿ ಹೊತ್ತುಕೊಂಡು ಬೆಳೆಯಿತು. ಆ ಕುಳ್ಳ, ಆ ಮೀನು ನೆನಪಿದ್ದವು, ಬೇರೇನೂ ಇರಲಿಲ್ಲ. ವಿಡಿಯೊ, ಡಿವಿಡಿಗಳ ಕಾಲದಲ್ಲಿ ಅದು ಮತ್ತೆ ಸಿಕ್ಕಿದ್ದಕ್ಕೆ ಕಾರಣ ಸರಳ: ಜರ್ಮನಿಯಲ್ಲಿ ಪ್ರಿಂಟು ಉಳಿದಿತ್ತು. ದೇಶವೇ ಅಳಿದ ಮೇಲೂ ಡೆಫಾ ಚಿತ್ರಗಳನ್ನು ನೋಡಿಕೊಳ್ಳಲು ಅಲ್ಲಿ ಒಂದು ಪ್ರತಿಷ್ಠಾನ ಹುಟ್ಟಿಕೊಂಡಿತು. ನೆನಪಿಗೆ ಎದುರಾಗಿ ನಿಲ್ಲಬಲ್ಲ ಒಂದು ಪ್ರತಿ ಇದ್ದುದರಿಂದಲೇ ಆ ಭಯಕ್ಕೆ ಹೆಸರು ಸಿಕ್ಕಿತು, ಬಣ್ಣವೂ ಸಿಕ್ಕಿತು.

ನಮ್ಮಲ್ಲಿ ಹೆಸರು ಕಳೆದುಹೋಗಲು ಇನ್ನೂ ಹೆಚ್ಚಿನ ಕಾರಣಗಳಿವೆ. 1955ರಲ್ಲಿ ಶುರುವಾದ ಭಾರತೀಯ ಮಕ್ಕಳ ಚಲನಚಿತ್ರ ಸೊಸೈಟಿ, ಕೇದಾರ್ ಶರ್ಮಾ ಅವರ ‘ಜಲ್‌ದೀಪ್’ನಿಂದ ಮೊದಲುಗೊಂಡು ನೂರಾರು ಚಿತ್ರಗಳನ್ನು ಮಾಡಿತು, ಕೊಂಡಿತು, ಬೇರೆ ಬೇರೆ ಭಾಷೆಗಳಿಗೆ ಡಬ್ ಮಾಡಿತು. ಅವು ಓಡಿದ್ದು ಥಿಯೇಟರಿನಲ್ಲಿ ಕಡಿಮೆ. ಶಾಲೆಯಿಂದ ಸಾಲಾಗಿ ಕರೆದೊಯ್ದ ಮಕ್ಕಳೆದುರು, ಊರಿಗೆ ಬಂದ ಪ್ರೊಜೆಕ್ಟರಿನಲ್ಲಿ, ಇಲ್ಲವೇ ದೂರದರ್ಶನದಲ್ಲಿ. ಗೋಡೆಗೆ ಪೋಸ್ಟರ್ ಇಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಇಲ್ಲ, ಹಾಡಿನ ಕ್ಯಾಸೆಟ್ಟೂ ಇಲ್ಲ. ಅಂದರೆ ದೊಡ್ಡವರ ಸಿನಿಮಾದ ಹೆಸರನ್ನು ಊರಿನ ಬಾಯಲ್ಲಿ ಉಳಿಸುವ ಯಾವ ಆಸರೆಯೂ ಇವಕ್ಕಿರಲಿಲ್ಲ. ಬಲೆಯನ್ನೇ ಎತ್ತಿಕೊಂಡು ಹಾರುವ ಹಕ್ಕಿಗಳ ಕಾರ್ಟೂನು ದೂರದರ್ಶನ ನೋಡಿ ಬೆಳೆದ ಯಾರಿಗೆ ಗೊತ್ತಿಲ್ಲ? ಆದರೆ ಅದರ ಹೆಸರು ‘ಏಕ್ ಅನೇಕ್ ಔರ್ ಏಕತಾ’, ಮಾಡಿದವರು ವಿಜಯಾ ಮುಳೆ, ವರ್ಷ 1974 ಎಂದು ಹೇಳಬಲ್ಲವರು ಎಷ್ಟು ಜನ? ಇಷ್ಟು ಪ್ರಸಿದ್ಧವಾದದ್ದರ ಕತೆಯೇ ಹೀಗಾದರೆ ಒಂದೇ ಒಂದು ಸಲ ತೋರಿಸಿ ಪೆಟ್ಟಿಗೆ ಸೇರಿದ್ದರ ಗತಿ ಏನು?

ಇನ್ನು ನಮ್ಮ ಪಟ್ಟಿಗಳನ್ನು ನೋಡಿ. ಚಿತ್ರದ ಹೆಸರು, ನಿರ್ದೇಶಕ, ತಾರಾಗಣ, ವರ್ಷ, ಪ್ರಶಸ್ತಿ ಎಲ್ಲ ಇರುತ್ತದೆ. ದೊಡ್ಡ ಹೆಸರಿದ್ದ ಚಿತ್ರ ಹೇಗೋ ದಡ ಸೇರುತ್ತದೆ. 1975ರ ‘ಚರಣ್‌ದಾಸ್ ಚೋರ್’ ಉಳಿದದ್ದು ಶ್ಯಾಮ್ ಬೆನೆಗಲ್ ಮತ್ತು ಸ್ಮಿತಾ ಪಾಟೀಲ್ ಹೆಸರಿನ ಬಲದಿಂದ. ಜೇಬಿಗೆ ಕೈ ಹಾಕಿದಾಗಲೆಲ್ಲ ಒಂದು ರೂಪಾಯಿ ನಾಣ್ಯ ಕೊಡುವ ಮಾಯಾ ಕೋಟಿನ ಕತೆ, ‘ಕರಾಮಾತಿ ಕೋಟ್’, ಇವತ್ತು ಸುಲಭವಾಗಿ ಸಿಗುವುದು ಅದರಲ್ಲಿ ನಟಿಸಿದ್ದ ಇರ್ಫಾನ್ ಖಾನ್ ಆಮೇಲೆ ದೊಡ್ಡ ನಟರಾದರು ಎಂಬ ಕಾರಣಕ್ಕೆ. ನೋಡಿದ ಮಗುವಿಗೆ ನೆನಪಿರುವುದು ಕೋಟು, ಇರ್ಫಾನ್ ಅಲ್ಲ. ಕನ್ನಡದಲ್ಲೂ ಇದೇ ಆಗಿದೆ. ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ ಪುನೀತ್ ಅವರಿಂದಾಗಿ ಮನೆಮಾತು, ‘ಚಿನ್ನಾರಿ ಮುತ್ತ’ ಹಾಡುಗಳಿಂದಾಗಿ ಜೀವಂತ. ಆದರೆ 1979ರ ಸಾಲಿನಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ‘ದಂಗೆಯೆದ್ದ ಮಕ್ಕಳು’ ಮಾತಿಗೆ ಬರುವುದೇ ಅಪರೂಪ. ರಾಷ್ಟ್ರಪ್ರಶಸ್ತಿಯೂ ಒಂದು ಮಕ್ಕಳ ಚಿತ್ರದ ಹೆಸರನ್ನು ಕಾಯಲಾರದು ಎಂದಾದರೆ, ಹೆಸರಿನ ಮೇಲೇ ನಿಂತ ಪಟ್ಟಿ ಈ ಕೆಲಸಕ್ಕೆ ಸಾಲದು.

ನೆನಪನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಅಮೆರಿಕದಲ್ಲಿ ನಡೆದದ್ದು ಎಲ್ಲರಿಗೂ ಎಚ್ಚರಿಕೆ. ಹಾಸ್ಯನಟ ಸಿನ್‌ಬ್ಯಾಡ್ ಜೀನಿಯ ಪಾತ್ರ ಮಾಡಿದ್ದ ‘ಶಜಾಮ್’ ಎಂಬ ಮಕ್ಕಳ ಚಿತ್ರವನ್ನು 1990ರ ದಶಕದಲ್ಲಿ ನೋಡಿದ್ದೇವೆಂದು ಅಲ್ಲಿ ಸಾಕಷ್ಟು ಜನ ಗಟ್ಟಿಯಾಗಿ ಹೇಳಿದರು. ಅಂಥ ಚಿತ್ರವೇ ಇರಲಿಲ್ಲ. ತಾನು ನಟಿಸಿಲ್ಲವೆಂದು ಆ ನಟನೇ ಹೇಳಬೇಕಾಯಿತು. ಇದ್ದದ್ದು 1996ರ ‘ಕಜಾಮ್’, ಅದರ ಜೀನಿ ಬ್ಯಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಓ’ನೀಲ್. ನೆನಪು ಬೆರಕೆಯಾಗುತ್ತದೆ, ಒಪ್ಪೋಣ. ಆದರೆ ಆ ಬೆರಕೆ ಬಯಲಾದದ್ದು ಹೇಗೆ? ಅಲ್ಲಿನ ಚಿತ್ರಗಳ ದಾಖಲೆ ಸಾಕಷ್ಟು ಪೂರ್ಣವಾಗಿದ್ದುದರಿಂದ ‘ಇಲ್ಲ’ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ನಮ್ಮಲ್ಲಿ ಯಾರಾದರೂ ಒಂದು ವಿಚಿತ್ರ ಚಿತ್ರವನ್ನು ವಿವರಿಸಿದರೆ ಇದೆ ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ನೆನಪು ಮೋಸ ಮಾಡುತ್ತದೆ ಎಂಬುದು ಒಳ್ಳೆಯ ಸೂಚಿ ಬೇಕು ಎನ್ನುವುದಕ್ಕೇ ಕಾರಣ.

ದೊಡ್ಡವರ ಹಂಬಲಕ್ಕೆ ಸರ್ಕಾರದ ದುಡ್ಡೇಕೆ, ಅಷ್ಟು ಹಣವಿದ್ದರೆ ಇಂದಿನ ಮಕ್ಕಳಿಗೆ ಹೊಸ ಚಿತ್ರ ಮಾಡಬಾರದೇ ಎಂಬ ಮಾತೂ ಬರುತ್ತದೆ. ಹೊಸ ಚಿತ್ರ ಬೇಕೇ ಬೇಕು. ಆದರೆ ಹಳೆಯದಕ್ಕೆ ಕಾಯುವ ವ್ಯವಧಾನವಿಲ್ಲ. ಆ ಕಾಲದ ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವಕ್ಕೆ ಕೆಡುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಬಂತೆಂದರೆ ಒಳಗೆ ಹಾಳಾಗಲು ಶುರುವಾಗಿದೆ ಎಂದರ್ಥ. ಆಮೇಲೆ ಫಿಲ್ಮು ಕುಗ್ಗುತ್ತದೆ, ಮುರುಟುತ್ತದೆ. ಎಲ್ಲವನ್ನೂ ಒಮ್ಮೆಗೇ ಉಳಿಸಲು ಯಾರಿಂದಲೂ ಆಗದು, ಯಾವುದು ಮೊದಲು ಎಂದು ಆರಿಸಲೇಬೇಕು. ಹಾಗೆ ಆರಿಸುವಾಗ ಸಾವಿರಾರು ಜನ ದಶಕಗಳ ಕಾಲ ಎದೆಯಲ್ಲಿ ಇಟ್ಟುಕೊಂಡದ್ದು ಯಾವ ಚಿತ್ರವನ್ನು ಎಂಬುದೂ ಲೆಕ್ಕಕ್ಕೆ ಬರಬೇಡವೇ? ‘ಸಿಂಡ್ರೆಲಾಗೆ ಮೂರು ಬೀಜ’ ಎಂಬ 1973ರ ಜೆಕ್ ಚಿತ್ರವನ್ನು ನಾರ್ವೆಯ ಟಿ.ವಿ. ಪ್ರತಿ ಕ್ರಿಸ್‌ಮಸ್ ಮುನ್ನಾದಿನ ತೋರಿಸುತ್ತ ಬಂದಿದೆ. ಜನರ ಆ ಪ್ರೀತಿ ಕಂಡೇ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ ಪರದೇಶದ ಆ ಚಿತ್ರದ ಪುನರುದ್ಧಾರಕ್ಕೆ ಕೈ ಜೋಡಿಸಿತು. ಇಲ್ಲಿ ನಾವು ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಲಿಲ್ಲ.

ಮಕ್ಕಳ ಚಲನಚಿತ್ರ ಸೊಸೈಟಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ಪುಣೆಯ ಚಲನಚಿತ್ರ ಸಂಗ್ರಹಾಲಯವೂ ಈಗ ಅದೇ ಸೂರಿನಡಿ ಇದೆ. ಹೀಗಾಗಿ ಕೆಲಸ ಕಷ್ಟವಲ್ಲ. ಪ್ರತಿಯೊಂದು ಮಕ್ಕಳ ಚಿತ್ರವನ್ನೂ ಒಬ್ಬರು ಕೂತು ನೋಡಿ ಅದರಲ್ಲಿ ಕಾಣುವುದನ್ನು ಬರೆದಿಡಬೇಕು: ಕೋಟು, ಮೀನು, ಬಲೆ, ಸೇತುವೆ, ಕಳೆದುಹೋದ ನಾಯಿ. ಡಬ್ ಆದ ಭಾಷೆಗಳು, ಆ ಭಾಷೆಗಳಲ್ಲಿ ಇಟ್ಟ ಹೆಸರುಗಳು ಜೊತೆಗಿರಬೇಕು. ಆ ವಿವರ ಕನ್ನಡದಲ್ಲೂ ಹುಡುಕಲು ಸಿಗಬೇಕು. ಕನ್ನಡ ಚಿತ್ರಗಳ ಮಟ್ಟಿಗೆ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದನ್ನು ಇವತ್ತೇ ಶುರು ಮಾಡಬಹುದು. ಓದುಗರು ಮಾಡಬೇಕಾದದ್ದೂ ಒಂದಿದೆ. ಯಾರನ್ನಾದರೂ ಕೇಳುವ ಮೊದಲು, ಬೇರೆಯವರ ಮಾತು ಬೆರೆಯುವ ಮೊದಲು, ನಿಮಗೆ ನೆನಪಿರುವಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಊರು, ಯಾವ ತರಗತಿ, ಮಾತು ಯಾವ ಭಾಷೆಯಲ್ಲಿತ್ತು, ಬಣ್ಣವಿತ್ತೇ, ಏನು ಕಂಡು ಹೆದರಿದಿರಿ. ದಿನಾಂಕ ಹಾಕಿ ಇಟ್ಟುಕೊಳ್ಳಿ.