ಮಿತಿ ಇಲ್ಲದ ಪಣಕ್ಕೆ ಜಾಣ್ಮೆಯ ಮುಸುಕೇಕೆ?

ಯುಗಾದಿ ಬಂತೆಂದರೆ ತುಮಕೂರು, ಗುಬ್ಬಿ, ಕುಣಿಗಲ್ ಎನ್ನದೆ ಎಲ್ಲ ಕಡೆ ಇಸ್ಪೀಟು ಕಟ್ಟು ಹೊರಬರುತ್ತದೆ. 'ಜೂಜುಕೋರರ ಬಂಧನ, ಪಣಕ್ಕಿಟ್ಟ ಹಣ ವಶ' ಎಂಬ ಸುದ್ದಿ ಓದುಗರಿಗೆ ಹೊಸದಲ್ಲ. ಸಿಕ್ಕಿಬಿದ್ದವರ ಉತ್ತರವೂ ಹೊಸದಲ್ಲ: 'ಇದು ಜೂಜಲ್ಲ ಸ್ವಾಮಿ, ಬುದ್ಧಿವಂತಿಕೆಯ ಆಟ.'

ಮಾತು ಪೂರ್ತಿ ಸುಳ್ಳಲ್ಲ. ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ, ಮೂರೆಲೆ ಬರೀ ಅದೃಷ್ಟದ್ದು ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. 1996ರಲ್ಲಿ ಕುದುರೆ ರೇಸಿಗೂ ಜಾಣ್ಮೆಯ ಪಟ್ಟ ಸಿಕ್ಕಿತು. ರೇಸ್ ಕುದುರೆ ಸಾಕಿದ ಕುಣಿಗಲ್ಲಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕೋರ್ಟು ಅಳೆದದ್ದು ಆಟವನ್ನು, ಆಡಲು ಕೂತವನನ್ನಲ್ಲ.

ಲೆಕ್ಕ ನೋಡಿ. ಪಾಯಿಂಟ್ ರಮ್ಮಿಯಲ್ಲಿ ಮೊದಲೇ ಎಲೆ ಇಳಿಸಿದರೆ 20, ನಡುವೆ ಇಳಿಸಿದರೆ 40, ಪೂರ್ತಿ ಸೋತರೆ 80. ಪಾಯಿಂಟಿಗೆ ಒಂದು ರೂಪಾಯಿ ಎಂದರೆ ಒಂದು ಆಟದಲ್ಲಿ 80 ರೂಪಾಯಿಗಿಂತ ಹೆಚ್ಚು ಹೋಗದು. ಎದುರಿನವನು ಬಿಟ್ಟ ಎಲೆ ನೆನಪಿಟ್ಟವನು ನಿಧಾನಕ್ಕೆ ಮೇಲೆ ಬರುತ್ತಾನೆ, ದಡ್ಡನೂ ನಿಧಾನಕ್ಕೇ ಸೋಲುತ್ತಾನೆ. ಬುದ್ಧಿ ಕಲಿಯಲು ಪುರುಸೊತ್ತಿದೆ.

ಮಿತಿ ಇಲ್ಲದ ಮೂರೆಲೆಗೆ ಬನ್ನಿ. ಹತ್ತು ರೂಪಾಯಿಂದ ಶುರುವಾಗಿ ಸುತ್ತು ಸುತ್ತಿಗೂ ದುಪ್ಪಟ್ಟಾದರೆ ಹತ್ತನೇ ಸುತ್ತಿಗೆ 5,120. ಅಷ್ಟರಲ್ಲಿ ಒಬ್ಬನೇ ಸುರಿದದ್ದು 10,230! ಕೈಯಲ್ಲಿ ಒಳ್ಳೆ ಜೋಡಿ ಇದ್ದರೂ ಜೇಬು ಬರಿದಾದವನು ಎಲೆ ಮಡಚಬೇಕು. ಗೆದ್ದದ್ದು ಜಾಣ್ಮೆಯೋ, ಗಂಟೋ?

'ಮುಖ ನೋಡಿ ಮನಸ್ಸು ಓದುವುದೇ ದೊಡ್ಡ ವಿದ್ಯೆ' ಎನ್ನುವವರಿದ್ದಾರೆ. ಒಪ್ಪೋಣ. ಪಣಕ್ಕೆ ಮಿತಿ ಇರುವ ಇಬ್ಬರಾಟದ ಪೋಕರನ್ನು ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಕಂಪ್ಯೂಟರಿನಿಂದ ಬಿಡಿಸಿಟ್ಟರು. ಮಿತಿ ಇಲ್ಲದ ಪೋಕರಿನಲ್ಲಿ ಕಂಪ್ಯೂಟರು ನುರಿತವರನ್ನು ಸೋಲಿಸಲು 2017 ಬರಬೇಕಾಯಿತು. ಅಂದರೆ ಮಿತಿ ಇಲ್ಲದ ಆಟ ಕೇಳುವುದು ಹೆಚ್ಚಿನ ಜಾಣ್ಮೆಯನ್ನೇ. ಆದರೆ ಆಟ ಕೇಳುವ ಜಾಣ್ಮೆ ಬೇರೆ, ಆಡುವವನಲ್ಲಿರುವ ಜಾಣ್ಮೆ ಬೇರೆ. ಕೊಬ್ಬರಿ ಮಾರಿದ ದುಡ್ಡು ಹಿಡಿದು ಕೂತವನಿಗೆ ಆ ವಿದ್ಯೆ ಕಲಿಸಿದವರು ಯಾರು? ನುರಿತವನೊಬ್ಬನಿಗೆ ಅದು ವಿದ್ಯೆ, ಉಳಿದ ಐವರಿಗೆ ಮನೆಹಾಳು.

ಮೊಬೈಲಿನ ಆಟದ ವಿಷಯದಲ್ಲಿ ಸರ್ಕಾರಕ್ಕೆ ಇದು ಅರ್ಥವಾಗಲು ಕಾಲ ಹಿಡಿಯಿತು. 2021ರಲ್ಲಿ ರಾಜ್ಯ ತಂದ ನಿಷೇಧದ ಮುಖ್ಯ ಕಲಮುಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಜಾಣ್ಮೆ-ಅದೃಷ್ಟದ ಭೇದವೇ ಬೇಡವೆಂದು ಕಾಯ್ದೆ ಮಾಡಿತು.

ಅರಳಿಕಟ್ಟೆಗೆ, ತೋಟದ ಮನೆಗೆ ಆ ಕಾಯ್ದೆ ಬರುವುದಿಲ್ಲ. ಅಲ್ಲಿ ನೋಡಬೇಕಾದವರು ಊರಿನವರು, ಪೊಲೀಸರು. ಹಬ್ಬಕ್ಕೆ ಎಲೆ ಹಿಡಿಯಲೇಬೇಕೆನ್ನುವವರು ದುಡ್ಡಿಲ್ಲದೆ ಆಡಲಿ. ಪೊಲೀಸರು ಎಲೆ ಹಿಡಿದವರ ಜೊತೆಗೆ ಪಕ್ಕದಲ್ಲೇ ಕೂತು ಮೀಟರ್ ಬಡ್ಡಿಗೆ ಸಾಲ ಕೊಡುವವನನ್ನೂ ಎಳೆದು ತರಲಿ. ಅವನಿಗೆ ರಮ್ಮಿಯೂ ಒಂದೇ, ಮೂರೆಲೆಯೂ ಒಂದೇ. ಅವನು ಸೋತದ್ದನ್ನು ಕಂಡವರಿಲ್ಲ!