ಸಾಬೂನಿಗೆ ಔಷಧವೇಕೆ?

2016ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಮೊದಲಾದ 19 ದ್ರವ್ಯಗಳನ್ನು ಮನೆಬಳಕೆಯ ಸಾಬೂನುಗಳಲ್ಲಿ ಬೆರೆಸಕೂಡದೆಂದು ವಿಧಿಸಿತು. ಈ ದ್ರವ್ಯಗಳ ಪಕ್ಷ ವಹಿಸುವವರು ಇಂದಿಗೂ ಕೇಳುವ ಪ್ರಶ್ನೆ, ಇವುಗಳಿಂದ ಮನುಷ್ಯದೇಹಕ್ಕೆ ಹಾನಿಯಾದುದಕ್ಕೆ ನಿಸ್ಸಂದಿಗ್ಧವಾದ ಪ್ರಮಾಣವೆಲ್ಲಿದೆ ಎಂಬುದು. ಪ್ರಶ್ನೆಯೇ ತಲೆಕೆಳಗಾಗಿದೆ. ಕೋಟ್ಯಂತರ ಜನರ, ಅವರಲ್ಲಿಯೂ ಹಸುಗೂಸುಗಳ, ಮೈಗೆ ಪ್ರತಿದಿನವೂ ಸೋಂಕುವ ವಸ್ತುವೊಂದು ನಿರಪಾಯವೆಂದೂ ಪ್ರಯೋಜನಕರವೆಂದೂ ಸಿದ್ಧಪಡಿಸುವ ಹೊಣೆ ಅದನ್ನು ಮಾರುವವನದೇ ಹೊರತು, ಅದರಿಂದ ಕೆಡುಕಾಯಿತೆಂದು ತೋರಿಸಿಕೊಡುವ ಹೊಣೆ ಕೊಳ್ಳುವವನದಲ್ಲ.

ಪ್ರಯೋಜನದ ಮಾತನ್ನೇ ಮೊದಲು ವಿಚಾರಿಸೋಣ. ಕರಾಚಿಯ ಬಡಜನರ ವಸತಿಗಳಲ್ಲಿ ಸ್ಟೀಫನ್ ಲೂಬಿಯವರೂ ಅವರ ಸಂಗಡಿಗರೂ ನಡೆಸಿ, 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೆಲವು ಮನೆಗಳಿಗೆ ಟ್ರೈಕ್ಲೋಕಾರ್ಬಾನ್ ಬೆರೆತ ಸಾಬೂನನ್ನೂ ಕೆಲವು ಮನೆಗಳಿಗೆ ಬರಿಯ ಸಾಬೂನನ್ನೂ ಕೊಟ್ಟು, ಕೈತೊಳೆಯುವ ಅಭ್ಯಾಸವನ್ನು ಬೋಧಿಸಲಾಯಿತು. ಆ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯ ತಗಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಅತಿಸಾರವೂ ಸುಮಾರು ಅಷ್ಟೇ ಇಳಿಯಿತು. ಎರಡು ಸಾಬೂನುಗಳ ನಡುವೆ ಮಾತ್ರ ಗಣನೀಯವಾದ ಭೇದವೇನೂ ಕಾಣಲಿಲ್ಲ. ಆ ಮಕ್ಕಳನ್ನು ಕಾಪಾಡಿದುದು ನೀರು, ನೊರೆ ಮತ್ತು ತಾಯಂದಿರ ಶ್ರದ್ಧೆ. ಬರಿಯ ಸಾಬೂನು ಜಿಡ್ಡನ್ನೂ ಅದಕ್ಕಂಟಿದ ರೋಗಾಣುಗಳನ್ನೂ ಚರ್ಮದಿಂದ ಕಳಚಿ ನೀರಿನೊಡನೆ ಸಾಗಿಸಿಬಿಡುತ್ತದೆ. ಹಾಗೆ ತೊಲಗಿದುದನ್ನು ಮತ್ತೆ ಕೊಲ್ಲಬೇಕಾದ ಅಗತ್ಯವೇನು?

ಇನ್ನು ಹಾನಿಯ ವಿಚಾರ. ಟ್ರೈಕ್ಲೋಸಾನ್ ಬ್ಯಾಕ್ಟೀರಿಯಗಳನ್ನು ಸಾಮಾನ್ಯ ವಿಷದಂತೆ ಕೊಲ್ಲುವುದೆಂದು ಬಹುಕಾಲ ನಂಬಲಾಗಿದ್ದಿತು. 1998ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಲೆವಿಯವರ ಪ್ರಯೋಗಶಾಲೆಯು, ಅದು ಆ ಜೀವಿಗಳ ಮೇದಸ್ಸನ್ನು ನಿರ್ಮಿಸುವ ಒಂದು ನಿರ್ದಿಷ್ಟ ಕಿಣ್ವವನ್ನೇ ತಡೆಯುವುದೆಂದೂ, ಆ ಕಿಣ್ವವು ತುಸು ಮಾರ್ಪಟ್ಟರೆ ಬ್ಯಾಕ್ಟೀರಿಯ ಟ್ರೈಕ್ಲೋಸಾನನ್ನು ಜಯಿಸಬಲ್ಲುದೆಂದೂ ತೋರಿಸಿಕೊಟ್ಟಿತು. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ಔಷಧದ ಗುರಿಯೂ ಅದೇ ವರ್ಗದ ಕಿಣ್ವ. ಕ್ಷಯದಿಂದ ಇಷ್ಟೊಂದು ನರಳುವ ನಮ್ಮ ದೇಶದವರು, ಒಂದನ್ನು ಜಯಿಸಿದ ರೋಗಾಣು ಇನ್ನೊಂದನ್ನೂ ಜಯಿಸೀತೆಂಬ ಶಂಕೆಯನ್ನು ಲಘುವಾಗಿ ಎಣಿಸಲಾಗದು. ಇಲಿಗಳಲ್ಲಿ ಟ್ರೈಕ್ಲೋಸಾನ್ ಥೈರಾಯಿಡ್ ಹಾರ್ಮೋನನ್ನು ತಗ್ಗಿಸಿದುದು ಕಂಡುಬಂದಿದೆ. 2003–04ರಲ್ಲಿ ಪರೀಕ್ಷಿಸಲ್ಪಟ್ಟ ಅಮೆರಿಕನ್ನರಲ್ಲಿ ಮುಕ್ಕಾಲು ಪಾಲು ಜನರ ಮೂತ್ರದಲ್ಲಿ ಅದು ಸಿಕ್ಕಿದೆ. ಇಲಿಗೆ ಆದುದು ಮನುಷ್ಯನಿಗೂ ಆಗಿಯೇ ತೀರುವುದೆಂದು ನಾನು ಹೇಳಲಾರೆ. ಆದರೆ ಲಾಭವು ಶೂನ್ಯವಾಗಿರುವಲ್ಲಿ ಶಂಕೆಯೇ ನಿಷೇಧಕ್ಕೆ ಸಾಕಷ್ಟು ಕಾರಣ.

ನಿಶ್ಚಿತ ಪ್ರಮಾಣಕ್ಕಾಗಿ ಕಾದು ಕುಳಿತರೆ ಏನಾಗುವುದೆಂಬುದನ್ನು ಹೆಕ್ಸಾಕ್ಲೋರೊಫೀನ್ ಒಮ್ಮೆ ತೋರಿಸಿದೆ. ಸಾಬೂನುಗಳಲ್ಲಿಯೂ ಶಿಶುಗಳ ಸ್ನಾನದಲ್ಲಿಯೂ ವರ್ಷಗಟ್ಟಲೆ ಬಳಕೆಯಾಗುತ್ತಿದ್ದ ಆ ರೋಗಾಣುನಾಶಕವು, 1972ರಲ್ಲಿ ಫ್ರಾನ್ಸಿನ ಒಂದು ಶಿಶುಪೌಡರಿನೊಳಗೆ ತಯಾರಿಕೆಯ ಪ್ರಮಾದದಿಂದ ವಿಪರೀತವಾಗಿ ಸೇರಿಹೋಗಿ, 36 ಮಕ್ಕಳ ಪ್ರಾಣವನ್ನು ತೆಗೆಯಿತು. ಪ್ರಮಾದವು ಕಾರ್ಖಾನೆಯದು, ನಿಜ. ಆದರೆ ಎಳೆಯ ಚರ್ಮವನ್ನು ಭೇದಿಸಿ ನರಮಂಡಲವನ್ನು ಸೇರುವ ಗುಣ ಆ ದ್ರವ್ಯದ್ದೇ ಆಗಿದ್ದಿತು. ಇಷ್ಟಾದರೂ, 1978ರಲ್ಲಿ ಟ್ರೈಕ್ಲೋಸಾನಿನ ವಿರುದ್ಧ ಕರಡು ನಿಯಮವನ್ನು ಪ್ರಕಟಿಸಿದ ಅಮೆರಿಕದ ಆಡಳಿತವು ಅದನ್ನು ಪೂರ್ಣಗೊಳಿಸಲು 38 ವರ್ಷಗಳನ್ನು ಕಳೆಯಿತು. ಅದೂ 2010ರಲ್ಲಿ ಪರಿಸರಸಂಸ್ಥೆಯೊಂದು ನ್ಯಾಯಾಲಯಕ್ಕೆ ಎಳೆದ ಮೇಲೆ.

ಶಸ್ತ್ರವೈದ್ಯನ ಕೈಗೆ ರೋಗಾಣುನಾಶಕ ಬೇಕು. ಆ ವಿಷಯದಲ್ಲಿ ನನ್ನ ತಕರಾರಿಲ್ಲ, ಅಮೆರಿಕದ 2016ರ ನಿಷೇಧವೂ ಆಸ್ಪತ್ರೆಗಳಿಗೆ ಅನ್ವಯಿಸಲಿಲ್ಲ. ಮನೆಯ ಬಚ್ಚಲಿನ ಮಾತು ಬೇರೆ. ಅಲ್ಲಿಂದ ಹೊರಟ ಟ್ರೈಕ್ಲೋಸಾನ್ ತಮಿಳುನಾಡಿನ ಕಾವೇರಿ, ತಾಮ್ರಪರ್ಣಿ ನದಿಗಳ ನೀರಿನಲ್ಲಿಯೂ ಸಂಶೋಧಕರಿಗೆ ದೊರೆತಿದೆ. ಆದಕಾರಣ, ಸಾಬೂನಿಗೆ ಇಂಥ ದ್ರವ್ಯವನ್ನು ಬೆರೆಸಬಯಸುವ ತಯಾರಕನು, ಬರಿಯ ಸಾಬೂನಿಗಿಂತ ಅದು ರೋಗವನ್ನು ಹೆಚ್ಚು ತಡೆಯುವುದೆಂಬುದನ್ನು ಮೊದಲು ಸಿದ್ಧಪಡಿಸತಕ್ಕದ್ದೆಂದು ನಮ್ಮ ಸರಕಾರವೂ ಶಾಸನ ಮಾಡಬೇಕು. 2016ರಲ್ಲಿ ಅಮೆರಿಕವು ನಿರ್ಣಯವನ್ನು ಮುಂದೂಡಿದ ಕ್ಲೋರೊಕ್ಸೈಲೆನಾಲ್, ಬೆಂಜಾಲ್ಕೋನಿಯಮ್ ಕ್ಲೋರೈಡ್‌ಗಳಿಗೂ ಇದೇ ನಿಯಮ ಸಲ್ಲಬೇಕು.